ಹೆಂಡತಿ ಎಂ.ಎ. ಓದಿದ ಮೂರು ವರ್ಷ

(ಅಬು ಹಲೀಫಾದಲ್ಲಿ ನಮ್ಮ ಬಳಗದ ಶುಕ್ರವಾರದ ಕೂಟದಲ್ಲಿ ಆಡಿದ ಮಾತುಗಳನ್ನು ಸಂಚಿಕೆಗಾಗಿ ಬರೆದುಕೊಟ್ಟದ್ದು)

ಹಿರಿಯರೇ, ರೂಮಿನ ಗೆಳೆಯರೇ, ಮಂಗಾಫ್, ಮಹಬೂಲ, ಫಹಾಹೀಲ್‌ನಿಂದ ಬಸ್ಸು ಹಿಡಿದು ಬಂದ ಅಣ್ಣಂದಿರೇ.

ನನಗೆ ಭಾಷಣ ಮಾಡಿ ಗೊತ್ತಿಲ್ಲ. ವೇದಿಕೆ ಮೇಲೆ ಇದುವರೆಗೆ ಹತ್ತಿದ್ದು ಟ್ಯೂಬ್‌ಲೈಟ್ ಹಾಕ್ಲಿಕ್ಕೆ, ಮೈಕಿಗೆ ಕನೆಕ್ಷನ್ ಕೊಡ್ಲಿಕ್ಕೆ. ಈ ಸಲ ಕಾರ್ಯದರ್ಶಿಗಳು ಬಿಡಲಿಲ್ಲ. ಕಾರಣ ಇಷ್ಟೆ. ಎರಡು ತಿಂಗಳ ಹಿಂದೆ ನಮ್ಮದೇ ಕ್ಯಾಂಪಿನ ಒಬ್ಬ ತಮ್ಮ ನನ್ನ ಹತ್ತಿರ ಬಂದು ಕೇಳಿದ. "ಅಣ್ಣ, ನನ್ನ ಹೆಂಡತಿ ಟೀಚರು. ಎಂ.ಎಡ್. ಮಾಡ್ತೇನೆ ಅಂತಾಳೆ. ಮಂಗಳೂರಿನಲ್ಲಿ ಒಬ್ಬರು ಕಾಲೇಜಿಗೆ ಹೋಗದೆಯೇ ಮಾಡಿಸಿ ಕೊಡ್ತಾರಂತೆ. ದುಡ್ಡು ಕಳಿಸ್ಲಾ?" ನಾನು ಅವನನ್ನು ಕೂರಿಸಿ ಒಂದು ಗಂಟೆ ಮಾತಾಡಿದೆ. ಅದನ್ನೇ ಎಲ್ಲರ ಮುಂದೆ ಹೇಳು ಅಂತ ಕಾರ್ಯದರ್ಶಿಗಳು ಹಿಡಿದುಕೊಂಡರು. ಹಾಗಾಗಿ ನಿಂತಿದ್ದೇನೆ.

ನನ್ನ ಓದು ನಿಮಗೆಲ್ಲ ಗೊತ್ತುಂಟು. ಎಸ್ಸೆಸ್ಸೆಲ್ಸಿ, ಆಮೇಲೆ ಸರ್ಕಾರಿ ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡು. ನನ್ನ ಹೆಂಡತಿ ಬಿ.ಎ., ಬಿ.ಎಡ್. ಪುತ್ತೂರು ತಾಲೂಕಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡ್ತಾಳೆ. ಮದುವೆ ಆಗುವಾಗಲೇ ಅವಳ ಓದು ನನಗಿಂತ ಹೆಚ್ಚು. ಆದರೆ ಸಂಬಳ ನನ್ನದು ಹೆಚ್ಚು. ಹಾಗಾಗಿ ತಕ್ಕಡಿ ಸಮ ಇದೆ ಅಂತ ನಾನು ತಿಳಿದುಕೊಂಡಿದ್ದೆ.

2022ರ ಜನವರಿ ಇರಬೇಕು. ಕೊರೊನಾ ಸ್ವಲ್ಪ ಸ್ವಲ್ಪ ಬಿಟ್ಟುಕೊಡ್ತಾ ಇತ್ತು. ಒಂದು ರಾತ್ರಿ ಫೋನಿನಲ್ಲಿ ಅವಳು ಹೇಳಿದಳು, "ನನಗೆ ಮುಂದೆ ಓದಬೇಕು ಅಂತ ಉಂಟು. ಶಿಕ್ಷಣ ಶಾಸ್ತ್ರದಲ್ಲಿ."

ನಾನು ಕೇಳಿದ ಮೊದಲನೇ ಪ್ರಶ್ನೆ ಯಾವುದು ಗೊತ್ತಾ? "ಸಂಬಳ ಜಾಸ್ತಿ ಆಗ್ತದಾ?"

"ಈ ಸ್ಕೂಲಿನಲ್ಲಿ ಆಗ್ಲಿಕ್ಕಿಲ್ಲ" ಅಂದಳು.

"ಮತ್ತೆ ಯಾಕೆ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ಎರಡು ವರ್ಷ ಮಕ್ಕಳು ಮೊಬೈಲಿನಲ್ಲಿ ಕಲಿತು ಬಂದಿದ್ದಾರೆ. ಒಂಬತ್ತನೇ ಕ್ಲಾಸಿನವರಿಗೆ ಒಂದು ಪ್ಯಾರಾ ಓದಿ ಅರ್ಥ ಹೇಳ್ಲಿಕ್ಕೆ ಬರುವುದಿಲ್ಲ. ನಾನು ಬಿ.ಎಡ್.ನಲ್ಲಿ ಕಲಿತದ್ದು ಇದಕ್ಕೆ ಸಾಕಾಗ್ತಾ ಇಲ್ಲ. ದಿನಾ ಕ್ಲಾಸಿಗೆ ಹೋಗುವಾಗ ಸುಳ್ಳು ಕೆಲಸ ಮಾಡಿದ ಹಾಗೆ ಆಗ್ತದೆ."

ನಾನು "ನೋಡುವ" ಅಂದೆ. ನಮ್ಮ ಕಡೆ "ನೋಡುವ" ಅಂದರೆ ಬೇಡ ಅಂತಲೇ ಅರ್ಥ. ಅವಳಿಗೂ ಅದು ಗೊತ್ತು.

ರೂಮಿನಲ್ಲಿ ವಿಷಯ ಹೇಳಿದೆ. ಗೆಳೆಯರು ತಮಾಷೆ ಮಾಡಿದರು. "ಎಂ.ಎ. ಆದ ಮೇಲೆ ನಿನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡ್ತಾಳೆ ಮಾರಾಯಾ, ಆಮೇಲೆ ನೀನು ಅವಳಿಗೆ ಮೇಡಂ ಅನ್ನಬೇಕು." ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ರಾತ್ರಿ ನಿದ್ರೆ ಬರಲಿಲ್ಲ. ಇಲ್ಲಿ ಕೂತವರು ನಮ್ಮವರೇ, ಹಾಗಾಗಿ ಮುಚ್ಚಿಡದೆ ಹೇಳ್ತೇನೆ. ನನಗೆ ದುಡ್ಡಿನ ಚಿಂತೆ ಇರಲಿಲ್ಲ. ಭಯ ಇತ್ತು. ನಾನು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವವನು. ಅವಳು ಓದ್ತಾ ಓದ್ತಾ ಮುಂದೆ ಹೋದರೆ, ನಾನು ವಾಪಸ್ ಹೋಗುವಾಗ ನಮ್ಮ ಇಬ್ಬರ ಮಧ್ಯೆ ಮಾತಾಡ್ಲಿಕ್ಕೆ ಎಂತ ಉಳಿಯುತ್ತದೆ ಅಂತ.

ಇನ್ನೊಂದು ಕಾರಣವೂ ಉಂಟು. ಐಟಿಐ ಆದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರ್ಲಿಕ್ಕೆ ಅವಕಾಶ ಉಂಟು. ನಮ್ಮ ಬ್ಯಾಚಿನ ಇಬ್ಬರು ಹಾಗೆ ಹೋಗಿ ಈಗ ಜೂನಿಯರ್ ಇಂಜಿನಿಯರ್ ಆಗಿದ್ದಾರೆ. ನನ್ನ ಇನ್‌ಸ್ಟ್ರಕ್ಟರ್ ನನಗೂ ಹೇಳಿದ್ದರು. ನಾನು ಹೋಗಲಿಲ್ಲ. ಮನೆಯಲ್ಲಿ ಸಾಲ ಇತ್ತು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಸಾಲ ಇದ್ದದ್ದು ನಿಜ. ಆದರೆ ಗಣಿತಕ್ಕೆ ಹೆದರಿದ್ದೂ ನಿಜ. ಹೆಂಡತಿ ಓದ್ತೇನೆ ಅಂದಾಗ ಆ ಹಳೇ ಗಾಯಕ್ಕೆ ಉಪ್ಪು ಬಿದ್ದ ಹಾಗಾಯಿತು.

ಸರಿ, ಅವಳು ಎರಡನೇ ಸಲ, ಮೂರನೇ ಸಲ ಕೇಳಿದಳು. ಕಡೆಗೆ ನಾನು ಒಪ್ಪಿದೆ. ಒಪ್ಪಿದ ಮೇಲೆ ಎಲ್ಲ ನನಗೇ ಗೊತ್ತು ಅನ್ನುವ ಹಾಗೆ, "ನೀನು ಸುಮ್ಮನಿರು, ನಾನು ವ್ಯವಸ್ಥೆ ಮಾಡ್ತೇನೆ" ಅಂದೆ. ಪರಿಚಯದವರ ಪರಿಚಯದಲ್ಲಿ ಒಬ್ಬರು ಅಡ್ಮಿಷನ್ ಮಾಡಿಸುವವರು ಸಿಕ್ಕಿದರು. ಎಂ.ಎಡ್., ಹೊರ ರಾಜ್ಯದ ಯೂನಿವರ್ಸಿಟಿ, ಕ್ಲಾಸಿಗೆ ಹೋಗುವುದು ಬೇಡ, ಪರೀಕ್ಷೆಗೆ ಒಮ್ಮೆ ಹೋದರೆ ಸಾಕು, ಒಂದೇ ವರ್ಷದಲ್ಲಿ ಮುಗಿಯುತ್ತದೆ ಅಂದರು. ನಾನು ಇಲ್ಲಿಂದಲೇ 40,000 ರೂಪಾಯಿ ಅವರ ಖಾತೆಗೆ ಹಾಕಿದೆ. ಹೆಂಡತಿಗೆ ಹೇಳಿದ್ದು ಹಾಕಿದ ಮೇಲೆ.

ಅವಳು ಕೇಳಿದಳು, "ಎನ್‌ಸಿಟಿಇ ಮಾನ್ಯತೆ ಉಂಟಾ ಕೇಳಿದ್ದೀರಾ?"

ನನಗೆ ಆ ಹೆಸರೇ ಗೊತ್ತಿರಲಿಲ್ಲ. ಕೇಳಿದರೆ ಆ ಮನುಷ್ಯ "ಎಲ್ಲ ಉಂಟು ಉಂಟು" ಅಂದ. ಕಾಗದ ಕಳಿಸಿ ಅಂದರೆ ಇವತ್ತು ನಾಳೆ ಅಂದ. ಒಂದು ತಿಂಗಳಾದ ಮೇಲೆ ಫೋನ್ ಎತ್ತಲಿಲ್ಲ. ದುಡ್ಡು ಹೋಯಿತು. ಮಾನ ಹೋಗುತ್ತದೆ ಅಂತ ಯಾರಿಗೂ ಹೇಳಲಿಲ್ಲ, ಕಂಪ್ಲೇಂಟೂ ಕೊಡಲಿಲ್ಲ. ಇವತ್ತು ಹೇಳ್ತಾ ಇರುವುದು ಆ ತಮ್ಮನ ದುಡ್ಡಾದರೂ ಉಳಿಯಲಿ ಅಂತ.

ಈಗ ವಿಷಯಕ್ಕೆ ಬರ್ತೇನೆ. ಸ್ವಲ್ಪ ಗಮನ ಕೊಟ್ಟು ಕೇಳಿ. ಇದೆಲ್ಲ ನನಗೆ ಹೆಂಡತಿಯೇ ಕಲಿಸಿದ್ದು.

ಟೀಚರುಗಳಿಗೆ ಮಾಸ್ಟರ್ ಡಿಗ್ರಿ ಅಂದರೆ ಎರಡು ದಾರಿ. ಒಂದು ಎಂ.ಎಡ್., ಇನ್ನೊಂದು ಎಂ.ಎ. ಎಜುಕೇಶನ್. ಹೆಸರು ಹತ್ತಿರ ಹತ್ತಿರ ಇದೆ, ವೈರಿಂಗ್ ಬೇರೆ ಬೇರೆ.

ಎಂ.ಎಡ್. ಅಂದರೆ ವೃತ್ತಿ ಕೋರ್ಸು. ಅದಕ್ಕೆ ಬಿ.ಎಡ್. ಅಥವಾ ಅದಕ್ಕೆ ಸಮನಾದ ತರಬೇತಿ ಆಗಿರಬೇಕು, ಅದರಲ್ಲಿ ನೂರಕ್ಕೆ 50 ಅಂಕ ಇರಬೇಕು. ಆ ಕೋರ್ಸು ನಡೆಸುವ ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಈ ಎನ್‌ಸಿಟಿಇಯ ಮಾನ್ಯತೆ ಬೇಕು. 1993ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. ಮೊದಲು ಬಿ.ಎಡ್., ಎಂ.ಎಡ್. ಎಲ್ಲ ಒಂದೊಂದು ವರ್ಷ ಇತ್ತು. 2014ರ ನಿಯಮ ಬಂದ ಮೇಲೆ ಎರಡೂ ಎರಡೆರಡು ವರ್ಷ ಆಯಿತು. ಆ ನಿಯಮದಲ್ಲಿ ಎಂ.ಎಡ್. ಕಾಲೇಜಿಗೆ ಹೋಗಿಯೇ ಮಾಡಬೇಕು. ಮನೆಯಲ್ಲಿ ಕೂತು ಮಾಡುವ ದೂರಶಿಕ್ಷಣದ ಎಂ.ಎಡ್. ಅದರಲ್ಲಿ ಇಲ್ಲ. ಹಾಗಾಗಿ "ಹೋಗುವುದು ಬೇಡ, ಒಂದೇ ವರ್ಷ" ಅಂದವನು ಒಂದೇ ಉಸಿರಿನಲ್ಲಿ ಎರಡು ಸುಳ್ಳು ಹೇಳಿದ್ದ. ನನಗೆ ಗೊತ್ತಾಗಲಿಲ್ಲ.

2025ರ ಆರಂಭದಲ್ಲಿ ಹೊಸ ನಿಯಮದ ಕರಡು ಹೊರಗೆ ಬಂತು. ಅದರಲ್ಲಿ ಒಂದು ವರ್ಷದ ಎಂ.ಎಡ್., ಕೆಲಸದಲ್ಲಿ ಇರುವವರಿಗೆ ಎರಡು ವರ್ಷದ ಅರೆಕಾಲಿಕ ಎಂ.ಎಡ್. ಮಾತು ಉಂಟು. ಆದರೆ ಕರಡು ಅಂದರೆ ಕರಡು. ಯಾರಾದರೂ ಅದನ್ನು ತೋರಿಸಿ ದುಡ್ಡು ಕೇಳಿದರೆ, ಯಾವ ಕಾಲೇಜು, ಯಾವ ಆದೇಶ ಅಂತ ಮೊದಲು ಕೇಳಿ.

ಇನ್ನು ಎಂ.ಎ. ಎಜುಕೇಶನ್. ಅದು ಇತಿಹಾಸದಲ್ಲಿ, ಕನ್ನಡದಲ್ಲಿ ಎಂ.ಎ. ಮಾಡಿದ ಹಾಗೆ ಶಿಕ್ಷಣ ಅನ್ನುವ ವಿಷಯದಲ್ಲಿ ಎಂ.ಎ. ಇಗ್ನೋದಲ್ಲಿ ಅದನ್ನು ಯಾವುದೇ ಡಿಗ್ರಿ ಆದವರು ಮಾಡಬಹುದು, ಬಿ.ಎಡ್. ಕಡ್ಡಾಯ ಅಲ್ಲ. ಕೆಲಸ ಬಿಡಬೇಕಾಗಿಲ್ಲ. ಕನಿಷ್ಠ ಎರಡು ವರ್ಷ, ಹೆಚ್ಚೆಂದರೆ ನಾಲ್ಕು ವರ್ಷದಲ್ಲಿ ಮುಗಿಸಬೇಕು. ಆದರೆ ಒಂದು ಮಾತು ನೆನಪಿಡಿ. ಬಿ.ಎಡ್. ಇಲ್ಲದೆ ಬರೀ ಎಂ.ಎ. ಎಜುಕೇಶನ್ ಮಾಡಿದರೆ ಹೈಸ್ಕೂಲು ಟೀಚರ್ ಕೆಲಸಕ್ಕೆ ಆಗುವುದಿಲ್ಲ. ಅದು ಬಿ.ಎಡ್.ನ ಜಾಗದಲ್ಲಿ ನಿಲ್ಲುವ ಡಿಗ್ರಿ ಅಲ್ಲ. ಬಿ.ಎಡ್. ಇದ್ದು ಅದರ ಮೇಲೆ ಇದನ್ನು ಮಾಡಿದರೆ, ಎರಡರಲ್ಲೂ 55 ಪರ್ಸೆಂಟ್ ಇದ್ದರೆ, ಬಿ.ಎಡ್. ಕಾಲೇಜಿನಲ್ಲಿ ಶಿಕ್ಷಣ ತತ್ತ್ವದ ವಿಷಯಗಳಿಗೆ ಪಾಠ ಮಾಡುವ ಹುದ್ದೆಗೆ 2014ರ ನಿಯಮದಲ್ಲಿ ಅರ್ಹತೆ ಬರ್ತದೆ.

ಅವಳ ಮುಂದೆ ಇದ್ದ ಲೆಕ್ಕ ಇದು. ಕೆಲಸ ಬಿಟ್ಟು ಎರಡು ವರ್ಷ ಮಂಗಳೂರಿಗೋ ಮೈಸೂರಿಗೋ ಹೋಗುವುದು. ಮೈಸೂರಿನಲ್ಲಿ 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಉಂಟು, ಎನ್‌ಸಿಇಆರ್‌ಟಿಯದ್ದು, ಅಲ್ಲಿಯ ಎಂ.ಎಡ್.ಗೆ ಒಳ್ಳೆ ಹೆಸರು. ಆದರೆ ಎರಡನೇ ಕ್ಲಾಸಿನ ಮಗಳು, ಮೊಣಕಾಲು ನೋವಿನ ನನ್ನ ಅಮ್ಮ, ಇವರನ್ನು ಬಿಟ್ಟು ಹೋಗುವುದು ಹೇಗೆ? ಇನ್ನೊಂದು, ಮುಕ್ತ ವಿಶ್ವವಿದ್ಯಾನಿಲಯ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿ.ವಿ. ನಮಗೆಲ್ಲ ಗೊತ್ತಿರುವುದೇ. 1996ರಲ್ಲಿ ಶುರುವಾದದ್ದು, ಅದಕ್ಕೂ ಮೊದಲು ಮೈಸೂರು ವಿ.ವಿ.ಯ ಅಂಚೆ ತೆರಪಿನ ಶಿಕ್ಷಣವಾಗಿ ಇದ್ದದ್ದು. ನಮ್ಮ ಊರಿನ ಎಷ್ಟೋ ಟೀಚರುಗಳು ಅಲ್ಲಿ ಕನ್ನಡದಲ್ಲೇ ಬರೆದು ಡಿಗ್ರಿ ತೆಗೆದುಕೊಂಡಿದ್ದಾರೆ. 2013-14ರಿಂದ ಕೆಲವು ವರ್ಷ ಅದಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲ, 2018-19ರಿಂದ ಮತ್ತೆ ಸಿಕ್ಕಿತು. ಆ ಮಧ್ಯದ ವರ್ಷಗಳಲ್ಲಿ ಸೇರಿದವರು ಎಷ್ಟು ಒದ್ದಾಡಿದರು ಅಂತ ನಿಮ್ಮಲ್ಲಿ ಕೆಲವರಿಗೆ ಸ್ವಂತ ಅನುಭವವೇ ಇರಬಹುದು. ಯೂನಿವರ್ಸಿಟಿ ದೊಡ್ಡದು ಅಂದರೆ ಸಾಲದು, ನಾವು ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಮಾನ್ಯತೆ ಉಂಟಾ ಅಂತ ನೋಡಬೇಕು ಎಂಬ ಪಾಠ ಅದರಿಂದ ಬಂತು. ಅವಳು ಎಲ್ಲ ವಿಚಾರಿಸಿ ಇಗ್ನೋ ಎಂ.ಎ. ಎಜುಕೇಶನ್ ಅಂತ ತೀರ್ಮಾನ ಮಾಡಿದಳು. 2022ರ ಜುಲೈ ಅಡ್ಮಿಷನ್. ಅರ್ಜಿ ಅವಳೇ ಹಾಕಿದಳು, ಫೀಸು ಅವಳ ಸಂಬಳದಿಂದಲೇ ಕಟ್ಟಿದಳು. ನನ್ನನ್ನು ಕೇಳಲಿಲ್ಲ. ಕೇಳುವ ಮುಖ ನಾನು ಉಳಿಸಿಕೊಂಡಿರಲಿಲ್ಲ.

ಕೆಲಸ ಮಾಡ್ತಾ ಓದುವುದು ಅಂದರೆ ಎಂತ ಅಂತ ನಾನು ದೂರದಿಂದಲೇ ನೋಡಿದೆ. ಇಗ್ನೋ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್. ಜೂನ್ ಅಂದರೆ ಊರಿನಲ್ಲಿ ಸ್ಕೂಲು ಆಗಷ್ಟೇ ತೆರೆದಿರ್ತದೆ, ಅಡ್ಮಿಷನ್ನು, ಪುಸ್ತಕ ಹಂಚುವುದು, ಮೇಲಿಂದ ಮಳೆ. ಡಿಸೆಂಬರ್ ಅಂದರೆ ವಾರ್ಷಿಕೋತ್ಸವ, ಮಕ್ಕಳ ಡ್ಯಾನ್ಸು ಪ್ರಾಕ್ಟೀಸು. ಟೀಚರುಗಳಿಗೆ ಪುರುಸೊತ್ತಿಲ್ಲದ ತಿಂಗಳು ಹುಡುಕಿ ಇಟ್ಟ ಹಾಗೆ ಉಂಟು. ಪರೀಕ್ಷೆಗೆ ಮೊದಲು ಪ್ರತಿ ವಿಷಯಕ್ಕೂ ಅಸೈನ್‌ಮೆಂಟ್ ಕೈಬರಹದಲ್ಲಿ ಬರೆದು ಕೊಡಬೇಕು. ಒಂದು ಕ್ರೆಡಿಟ್ ಅಂದರೆ ಮೂವತ್ತು ಗಂಟೆ ಓದು ಅಂತ ಇಗ್ನೋ ಲೆಕ್ಕ. ಅಂದರೆ ನಾಲ್ಕು ಕ್ರೆಡಿಟ್ಟಿನ ಒಂದು ಪುಸ್ತಕಕ್ಕೆ 120 ಗಂಟೆ. ನಮ್ಮ ಓವರ್‌ಟೈಮ್ ಲೆಕ್ಕದಲ್ಲಿ ಹೇಳುವುದಾದರೆ, ದಿನಾ ಎರಡು ಗಂಟೆಯಂತೆ ಎರಡು ತಿಂಗಳು, ರಜೆ ಇಲ್ಲದೆ, ಒಂದೇ ಪುಸ್ತಕಕ್ಕೆ.

ಭಾಷೆಯ ಕಷ್ಟ ಬೇರೆ. ಮನೆಯಲ್ಲಿ ತುಳು, ಅವಳು ಕಲಿತದ್ದು ಕಲಿಸಿದ್ದು ಕನ್ನಡ, ಇಗ್ನೋ ಎಂ.ಎ. ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಮೊದಲ ಪುಸ್ತಕ ಬಂದಾಗ ಒಂದು ಪುಟ ಓದ್ಲಿಕ್ಕೆ ಒಂದು ಗಂಟೆ ಆಯಿತಂತೆ. ಕಷ್ಟದ ಶಬ್ದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆದು, ಅಡುಗೆ ಮಾಡ್ತಾ ಬಾಯಿಪಾಠ ಮಾಡ್ತಿದ್ದಳು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಆರರವರೆಗೆ ಓದು. ಆಮೇಲೆ ದೋಸೆ, ಮಗಳ ಜಡೆ, ಬಸ್ಸು.

ಅಮ್ಮನ ದೂರು ನನಗೆ ಫೋನಿನಲ್ಲಿ ಬರ್ತಿತ್ತು. "ಮಗಾ, ಇವಳು ರಾತ್ರಿ ಲೈಟು ಆರಿಸುವುದೇ ಇಲ್ಲ. ಕರೆಂಟು ಬಿಲ್ಲು ಎಷ್ಟು ಬರ್ತದೆ ಗೊತ್ತಾ? ಈ ಪ್ರಾಯದಲ್ಲಿ ಎಂತ ಓದು?" ಎಲೆಕ್ಟ್ರಿಷಿಯನ್ನನ ಅಮ್ಮ, ಅವರಿಗೆ ಬಿಲ್ಲಿನ ಚಿಂತೆ! ನಾನು ಹೇಳಿದೆ, "ಅಮ್ಮಾ, ಒಂದು ಎಲ್‌ಇಡಿ ಬಲ್ಬು 9 ವಾಟು. ರಾತ್ರಿ ಇಡೀ ಉರಿದರೂ ಒಂದು ಯುನಿಟ್ಟಿನ ಹತ್ತನೇ ಒಂದು ಪಾಲೂ ಆಗುವುದಿಲ್ಲ." ಅವಳ ಪರವಾಗಿ ಅಮ್ಮನ ಹತ್ತಿರ ನಾನು ಆಡಿದ ಮೊದಲನೇ ಮಾತು ಅದು. ಅಮ್ಮನಿಗೆ ಲೆಕ್ಕ ಅರ್ಥ ಆಯಿತೋ ಇಲ್ಲವೋ, ನಾನು ಯಾರ ಕಡೆ ಅಂತ ಅರ್ಥ ಆಯಿತು. ಮರುದಿನದಿಂದ ಬೆಳಿಗ್ಗೆ ನಾಲ್ಕಕ್ಕೆ ಚಾ ಮಾಡಿಟ್ಟದ್ದು ಅಮ್ಮನೇ.

2023ರ ಜೂನಿನಲ್ಲಿ ಮೊದಲ ಪರೀಕ್ಷೆ. ಸಂಶೋಧನಾ ವಿಧಾನ, ಅಂಕಿಅಂಶ ಇರುವ ಪೇಪರಿನಲ್ಲಿ ಫೇಲು. ಫೋನಿನಲ್ಲಿ ಅತ್ತಳು. "ನಾನು ಹೈಸ್ಕೂಲು ಟೀಚರು, ಫೇಲಾದೆ ಅಂತ ಮಕ್ಕಳಿಗೆ ಗೊತ್ತಾದರೆ?" ಅಂದಳು. ನನಗೆ ಸಮಾಧಾನ ಹೇಳ್ಲಿಕ್ಕೆ ಬರುವುದಿಲ್ಲ. ಐಟಿಐಯಲ್ಲಿ ನಾನು ಒಂದನೇ ವರ್ಷ ಫೇಲಾದ ಕಥೆ ಹೇಳಿದೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಅದನ್ನು ಅವಳಿಗೆ ಹೇಳಿರಲಿಲ್ಲ. ಅವಳು ಅಳು ನಿಲ್ಲಿಸಿ, "ನೀವು ಯಾವುದರಲ್ಲಿ ಫೇಲು?" ಅಂತ ಕೇಳಿದಳು. "ಗಣಿತದಲ್ಲಿ" ಅಂದೆ. ಇಬ್ಬರೂ ನಕ್ಕೆವು. ಡಿಸೆಂಬರಿನಲ್ಲಿ ಮತ್ತೆ ಕಟ್ಟಿ ಪಾಸಾದಳು.

ಆಮೇಲೆ ಅವಳು ಓದಿದ್ದನ್ನು ನನಗೆ ಹೇಳ್ಲಿಕ್ಕೆ ಶುರು ಮಾಡಿದಳು. ಹೇಳಿದರೆ ಅವಳಿಗೇ ನೆನಪು ಉಳಿಯುತ್ತದಂತೆ. ಒಂದು ದಿನ ಬ್ಲೂಮ್ ಅನ್ನುವವರ ಪಟ್ಟಿ ಹೇಳಿದಳು. ಅಮೆರಿಕದವರು, 1956ರಲ್ಲಿ ಬಂದ ಪುಸ್ತಕ. ಕಲಿಕೆಯಲ್ಲಿ ಮೆಟ್ಟಿಲುಗಳಿವೆ, ನೆನಪಿಟ್ಟುಕೊಳ್ಳುವುದು ಕೆಳಗಿನ ಮೆಟ್ಟಿಲು, ಅರ್ಥ ಮಾಡಿಕೊಳ್ಳುವುದು ಅದರ ಮೇಲೆ, ಬಳಸುವುದು ಇನ್ನೂ ಮೇಲೆ, ಹೀಗೆ. ನಾನು ಹೇಳಿದೆ, "ಇದು ನಮಗೆ ಗೊತ್ತಿದ್ದದ್ದೇ. ಇಲ್ಲಿಗೆ ಹೊಸ ಹುಡುಗರು ಬರ್ತಾರೆ. ಓಮ್ಸ್ ಲಾ ಎಂತ ಅಂದರೆ ಬಾಯಿಪಾಠ ಹೇಳ್ತಾರೆ. ಈ ಎಸಿಗೆ ಎಷ್ಟು ಸ್ಕ್ವೇರ್ ಎಂಎಂ ಕೇಬಲ್ ಎಳೆಯಬೇಕು ಅಂದರೆ ಮುಖ ನೋಡ್ತಾರೆ." ಅವಳಿಗೆ ಅದು ಎಷ್ಟು ಖುಷಿ ಆಯಿತೆಂದರೆ, ಅಸೈನ್‌ಮೆಂಟಿನಲ್ಲಿ ಉದಾಹರಣೆಯಾಗಿ ಬರೆದಳು.

ಇನ್ನೊಂದು ದಿನ ವೈಗೋಟ್‌ಸ್ಕಿ. ರಷ್ಯಾದವರು, 1934ರಲ್ಲಿ ಚಿಕ್ಕ ಪ್ರಾಯದಲ್ಲೇ ತೀರಿಕೊಂಡವರು. ಮಗು ಒಬ್ಬನೇ ಮಾಡುವುದಕ್ಕೂ, ಗೊತ್ತಿದ್ದವರು ಜೊತೆಗಿದ್ದಾಗ ಮಾಡುವುದಕ್ಕೂ ನಡುವೆ ಒಂದು ಜಾಗ ಉಂಟು, ಕಲಿಸಬೇಕಾದದ್ದು ಆ ಜಾಗದಲ್ಲಿ ಅಂತ ಅವರ ಮಾತು. ಅಂದರೆ ನಮ್ಮ ಹೆಲ್ಪರ್! ಹೆಲ್ಪರ್‌ಗೆ ಒಂದೇ ಸಲ ಡಿಬಿ ಡ್ರೆಸ್ಸಿಂಗ್ ಕೊಟ್ಟರೆ ಸುಟ್ಟು ಹಾಕ್ತಾನೆ. ವರ್ಷ ಇಡೀ ಬರೀ ಪೈಪು ಹೊರಿಸಿದರೆ ಏನೂ ಕಲಿಯುವುದಿಲ್ಲ. ಪಕ್ಕದಲ್ಲಿ ನಿಂತು, ಅವನ ಕೈಯಲ್ಲೇ ಮಾಡಿಸಿ, ಸ್ವಲ್ಪ ಸ್ವಲ್ಪ ನಮ್ಮ ಕೈ ತೆಗೆಯಬೇಕು. ನಾನು ಹದಿಮೂರು ವರ್ಷದಿಂದ ಮಾಡ್ತಾ ಇದ್ದ ಕೆಲಸಕ್ಕೆ ಪುಸ್ತಕದಲ್ಲಿ ಹೆಸರು ಉಂಟು ಅಂತ ನನಗೆ ಆ ದಿನ ಗೊತ್ತಾಯಿತು. ಮಾತಾಡ್ಲಿಕ್ಕೆ ಎಂತ ಉಳಿಯುತ್ತದೆ ಅಂತ ಹೆದರಿದ್ದೆ ಅಂದೆನಲ್ಲ. ಅಲ್ಲಿಯವರೆಗೆ ನಮ್ಮ ಮಾತು ಅಂದರೆ ಗ್ಯಾಸು, ಔಷಧಿ, ಯಾರ ಮನೆ ಗೃಹಪ್ರವೇಶ. ಆಮೇಲೆಯೇ ನಾವು ಸರಿಯಾಗಿ ಮಾತಾಡ್ಲಿಕ್ಕೆ ಶುರು ಮಾಡಿದ್ದು.

2024ರ ಜೂನ್ ಬಗ್ಗೆ ಹೇಳದೆ ಮುಂದೆ ಹೋಗ್ಲಿಕ್ಕೆ ಆಗುವುದಿಲ್ಲ. ಜೂನ್ 12, ಬುಧವಾರ. ಬೆಳಗಿನ ಜಾವ ನಮ್ಮ ಪಕ್ಕದ ಮಂಗಾಫ್‌ನಲ್ಲಿ ಕೆಲಸಗಾರರ ಕಟ್ಟಡಕ್ಕೆ ಬೆಂಕಿ ಬಿತ್ತು. ನೀವೆಲ್ಲ ಇಲ್ಲೇ ಇದ್ದವರು, ನಾನು ವಿವರಿಸಬೇಕಾಗಿಲ್ಲ. 45 ಮಂದಿ ಭಾರತೀಯರ ದೇಹ ವಾಯುಪಡೆಯ ವಿಮಾನದಲ್ಲಿ 14ನೇ ತಾರೀಕು ಕೊಚ್ಚಿಗೆ ಹೋಯಿತು. ಆ ದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಿದ್ದೆ, ಫೋನು ರೂಮಿನಲ್ಲೇ ಚಾರ್ಜಿಗೆ ಉಳಿದಿತ್ತು. ಊರಿನಲ್ಲಿ ಟೀವಿಯಲ್ಲಿ ಮಂಗಾಫ್, ಮಂಗಾಫ್ ಅಂತ ಬರ್ತಾ ಇತ್ತು. ಅಮ್ಮನಿಗೆ ಮಂಗಾಫ್ ಬೇರೆ, ಅಬು ಹಲೀಫಾ ಬೇರೆ ಅಂತ ಎಲ್ಲಿ ಗೊತ್ತು? ಮಧ್ಯಾಹ್ನ ಫೋರ್‌ಮನ್ ಫೋನಿನಿಂದ ನಾನು ಮಾಡುವವರೆಗೆ ಅವರಿಗೆ ನಾನು ಇದ್ದೇನೋ ಇಲ್ಲವೋ ಗೊತ್ತಿರಲಿಲ್ಲ.

ಆ ವಾರ ಅವಳಿಗೆ ಪರೀಕ್ಷೆ ಇತ್ತು. "ಈ ಸಲ ಬಿಟ್ಟುಬಿಡು, ಡಿಸೆಂಬರಿನಲ್ಲಿ ಕಟ್ಟು" ಅಂದೆ. ಅವಳು "ಇಲ್ಲ, ಬರೆಯುತ್ತೇನೆ" ಅಂದಳು. ಬರೆದಳು, ಪಾಸಾದಳು. ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ನನಗೆ ಅರ್ಥ ಆಯಿತು. ಆ ಐದಾರು ಗಂಟೆ ಅವಳು ನಾನಿಲ್ಲದ ಮನೆಯನ್ನು ಕಣ್ಣಾರೆ ನೋಡಿ ಬಂದಿದ್ದಳು. ಆ ಮನೆಯಲ್ಲಿ ಒಬ್ಬ ಮುದುಕಿ, ಒಂದು ಮಗು, ಒಂದು ಟೀಚರ್ ಕೆಲಸ ಮಾತ್ರ ಇತ್ತು. "ಸಂಬಳ ಜಾಸ್ತಿ ಆಗ್ತದಾ" ಅಂತ ಕೇಳಿದವನು ನಾನು. ನನ್ನ ಸಂಬಳ ನಿಂತರೆ ಎಂತ ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಕೊನೆಯ ವರ್ಷ ಪ್ರಬಂಧ ಬರೆಯಬೇಕು, ಡಿಸರ್ಟೇಶನ್ ಅಂತಾರೆ. ಅವಳು ಆರಿಸಿದ ವಿಷಯ, ಅಪ್ಪ ಹೊರದೇಶದಲ್ಲಿರುವ ಮಕ್ಕಳ ಓದಿಗೆ ಮನೆಯಲ್ಲಿ ಸಿಗುವ ಆಸರೆ. ಅವಳ ಸ್ಕೂಲಿನಲ್ಲೇ ಅಂಥ ಮಕ್ಕಳು ಬೇಕಾದಷ್ಟು. ಸೌದಿ, ದುಬೈ, ಕತಾರ್, ಕುವೈತ್. ಪ್ರಶ್ನಾವಳಿ ಮಾಡಿದ ಮೇಲೆ ಭಾಷೆ ಮಕ್ಕಳಿಗೆ ಅರ್ಥ ಆಗ್ತದಾ ಅಂತ ಮೊದಲು ನಮ್ಮ ಮಗಳ ಹತ್ತಿರ ಕೇಳಿ ನೋಡಿದಳು. ಒಂದು ಪ್ರಶ್ನೆ ಹೀಗಿತ್ತು: "ಅಪ್ಪ ಫೋನಿನಲ್ಲಿ ನಿನ್ನ ಪಾಠದ ಬಗ್ಗೆ ಏನು ಕೇಳುತ್ತಾರೆ?"

ಮಗಳು ಹೇಳಿದ್ದು, "ಅಪ್ಪ ಊಟ ಆಯ್ತಾ ಕೇಳ್ತಾರೆ. ಆಮೇಲೆ ಅಮ್ಮನಿಗೆ ಕೊಡು ಅಂತಾರೆ."

ಹೆಂಡತಿ ಇದನ್ನು ಬೈದು ಹೇಳಲಿಲ್ಲ. ಪ್ರಶ್ನೆ ಅರ್ಥ ಆಯಿತು, ಮಗು ಸರಿಯಾಗಿ ಉತ್ತರ ಕೊಟ್ಟಿತು ಅಂತ ಹೇಳಿದಳು ಅಷ್ಟೆ. ನಾನು ಆ ದಿನ ರೂಮಿನ ಹೊರಗೆ ಮೆಟ್ಟಿಲಲ್ಲಿ ಕೂತು ಬಹಳ ಹೊತ್ತು ಒಳಗೆ ಹೋಗಲಿಲ್ಲ. ನೀವೂ ಈಗ ಮನಸ್ಸಿನಲ್ಲೇ ಆ ಪ್ರಶ್ನೆಗೆ ನಿಮ್ಮ ಮಕ್ಕಳ ಪರವಾಗಿ ಉತ್ತರ ಹೇಳಿ ನೋಡಿ.

ಮರುದಿನದಿಂದ ಒಂದು ನಿಯಮ ಮಾಡಿಕೊಂಡೆ. ಇಲ್ಲಿಗೂ ಊರಿಗೂ ಎರಡೂವರೆ ಗಂಟೆ ವ್ಯತ್ಯಾಸ. ನಮ್ಮ ಸೈಟು ಬಿಟ್ಟು, ಬಸ್ಸು ಇಳಿದು, ಸಾಯಂಕಾಲ ಐದೂವರೆ ಅಂದರೆ ಅಲ್ಲಿ ರಾತ್ರಿ ಎಂಟು. ಎಂಟರಿಂದ ಒಂಬತ್ತು ಮಗಳ ಪಾಠ ನನ್ನದು. ವಿಡಿಯೋ ಹಾಕಿ ಅವಳು ಓದ್ತಾಳೆ, ನಾನು ಕೇಳ್ತೇನೆ. ಗಣಿತ ನನಗೂ ಅವಳಿಗೂ ಒಟ್ಟಿಗೆ ಕಲಿತ ಹಾಗೆ. ಆ ಒಂದು ಗಂಟೆ ಹೆಂಡತಿಗೆ ಬಾಗಿಲು ಹಾಕಿ ಬರೆಯುವ ಗಂಟೆ. ನಾನು ಅವಳ ಓದಿಗೆ ಕೊಟ್ಟದ್ದು ಕಡೆಗೂ ದುಡ್ಡಲ್ಲ, ಈ ಒಂದು ಗಂಟೆ. ಕೆಲವು ದಿನ ಓವರ್‌ಟೈಮ್ ಬಿಟ್ಟಿದ್ದೇನೆ, ಅದೂ ನಿಜ.

2025ರ ಜೂನಿನಲ್ಲಿ ಕೊನೆಯ ಪರೀಕ್ಷೆ ಆಯಿತು. ರಿಸಲ್ಟು ಬಂತು, 55 ಪರ್ಸೆಂಟ್ ದಾಟಿತು. ಎರಡು ವರ್ಷದ ಕೋರ್ಸಿಗೆ ಮೂರು ವರ್ಷ. ಅವಳ ಸ್ಕೂಲಿನಲ್ಲಿ ಸಂಬಳ ಏರಲಿಲ್ಲ, ಅವಳು ಮೊದಲೇ ಹೇಳಿದ ಹಾಗೆಯೇ. ಈಗ ನೆಟ್, ಕೆಸೆಟ್‌ಗೆ ಓದ್ತಾ ಇದ್ದಾಳೆ. ಆಗ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಸ್ಕೂಲಿನಲ್ಲಿ ಓದ್ಲಿಕ್ಕೆ ಕಷ್ಟ ಇರುವ ಹದಿನಾಲ್ಕು ಮಕ್ಕಳನ್ನು ಬೆಳಿಗ್ಗೆ ಅರ್ಧ ಗಂಟೆ ಮೊದಲು ಕರೆದು ಕೂರಿಸ್ತಾಳೆ. ಪ್ಯಾರಾ ಓದಿ ಅರ್ಥ ಹೇಳ್ಲಿಕ್ಕೆ ಬಾರದ ಮಕ್ಕಳ ಬಗ್ಗೆ ಮೂರು ವರ್ಷದ ಹಿಂದೆ ಹೇಳಿದ್ದಳಲ್ಲ, ಅಂಥವರೇ. ಈಗ ಯಾರಿಗೆ ಎಲ್ಲಿ ಕಟ್ ಆಗಿದೆ ಅಂತ ಹುಡುಕ್ಲಿಕ್ಕೆ ಬರ್ತದೆ ಅಂತಾಳೆ. ಲೈನಿನಲ್ಲಿ ಫಾಲ್ಟು ಹುಡುಕುವ ಹಾಗೆ ಅಂತ ನಾನು ಹೇಳಿದೆ. ಹಾಗೆಯೇ ಅಂದಳು.

ಕೊನೆಗೆ, ನಿಮ್ಮ ಮನೆಯಲ್ಲಿ ಹೆಂಡತಿಯೋ ತಂಗಿಯೋ ಟೀಚರ್ ಇದ್ದು ಓದ್ತೇನೆ ಅಂದರೆ ಮಾಡಬೇಕಾದ್ದು ಹೇಳಿ ಮುಗಿಸ್ತೇನೆ.

ಮೊದಲನೆಯದು, ಅವರಿಗೆ ಮುಂದೆ ಎಂತ ಆಗಬೇಕು ಅಂತ ಕೇಳಿ. ಕಾಲೇಜಿಗೆ ಹೋಗ್ಲಿಕ್ಕೆ ಆಗುವವರಾದರೆ ಎಂ.ಎಡ್., ಕೆಲಸ ಬಿಡ್ಲಿಕ್ಕೆ ಆಗದವರಾದರೆ ಎಂ.ಎ. ಎಜುಕೇಶನ್. ಬಿ.ಎಡ್. ಇಲ್ಲದವರಾದರೆ ಮೊದಲು ಬಿ.ಎಡ್.

ಎರಡನೆಯದು, ಎಂ.ಎಡ್. ಆದರೆ ಆ ಕಾಲೇಜಿನ ಹೆಸರು ಎನ್‌ಸಿಟಿಇ ಪಟ್ಟಿಯಲ್ಲಿ ಉಂಟಾ ನೋಡಿ. ದೂರಶಿಕ್ಷಣ ಆದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಒಪ್ಪಿಗೆ ಉಂಟಾ ನೋಡಿ. ಈಗ ದೂರಶಿಕ್ಷಣಕ್ಕೆ ಸೇರುವವರು ಡಿಇಬಿ ಐಡಿ ಅಂತ ಒಂದು ನಂಬರ್ ತಾವೇ ಮಾಡಿಕೊಳ್ಳಬೇಕು. ಅದನ್ನು ಬೇಡ ಅನ್ನುವ ಏಜೆಂಟ್ ಸಿಕ್ಕಿದರೆ ಫೋನ್ ಇಟ್ಟುಬಿಡಿ. ಫೀಸು ಯೂನಿವರ್ಸಿಟಿಯ ಖಾತೆಗೇ ಕಟ್ಟಿ, ಯಾವ ಮನುಷ್ಯನ ಖಾತೆಗೂ ಬೇಡ.

ಮೂರನೆಯದು, ಮುಂದೆ ಅವರನ್ನು ಇಲ್ಲಿಗೆ ಕರೆಸಿ ಇಲ್ಲಿಯ ಭಾರತೀಯ ಶಾಲೆಗಳಲ್ಲಿ ಕೆಲಸ ಹುಡುಕುವ ಆಲೋಚನೆ ಇದ್ದರೆ ಸರ್ಟಿಫಿಕೇಟುಗಳಿಗೆ ಅಟೆಸ್ಟೇಶನ್ ಬೇಕು. ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ಆಮೇಲೆ ದೆಹಲಿಯ ಕುವೈತ್ ರಾಯಭಾರ ಕಚೇರಿ, ಇಲ್ಲಿಗೆ ಬಂದ ಮೇಲೆ ಇಲ್ಲಿಯ ವಿದೇಶಾಂಗ ಸಚಿವಾಲಯ. ಸುಳ್ಳು ಡಿಗ್ರಿ ಇಷ್ಟು ಬಾಗಿಲು ದಾಟುವುದಿಲ್ಲ. ಸಿಕ್ಕಿಬಿದ್ದರೆ ದುಡ್ಡು ಮಾತ್ರ ಅಲ್ಲ, ಇಕಾಮವೂ ಹೋಗ್ತದೆ, ಜೈಲೂ ಆಗಬಹುದು.

ನಾಲ್ಕನೆಯದು, ಅವರು ಓದುವ ಹೊತ್ತಿಗೆ ಫೋನ್ ಮಾಡಬೇಡಿ. ಮಕ್ಕಳಿಗೆ ಮಾಡಿ.

ಆ ತಮ್ಮ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ದುಡ್ಡು ಕಳಿಸಲಿಲ್ಲ ಅಂತ ಹೇಳಿದ. ಅವನ ಹೆಂಡತಿ ನನ್ನ ಹೆಂಡತಿಯ ಹತ್ತಿರ ಫೋನಿನಲ್ಲಿ ಮಾತಾಡಿದ್ದಾಳೆ. ಇಬ್ಬರು ಟೀಚರುಗಳು, ಒಂದೂವರೆ ಗಂಟೆ ಮಾತಾಡಿದರಂತೆ.

ನನ್ನ ವಿಷಯ ಕೇಳಿದರೆ, ಡಿಪ್ಲೊಮಾ ಈಗ ಮಾಡಬಹುದಾ ಅಂತ ಹೆಂಡತಿ ಹತ್ತಿರ ಕೇಳಿದ್ದೇನೆ. "ನೋಡುವ" ಅಂದಿದ್ದಾಳೆ. ಅವಳ "ನೋಡುವ" ಬೇರೆ. ಅವಳು ನಿಜವಾಗಿಯೂ ನೋಡ್ತಾಳೆ.

ಎಂಟು ಗಂಟೆ ಆಗ್ತಾ ಬಂತು, ಊರಿನಲ್ಲಿ. ಮಗಳು ಕಾಯ್ತಾ ಇರ್ತಾಳೆ.